ಅತ್ತೆಯ ಗುಂಡುಸೂಜಿ

ಅಳಿಯ ಟಿವಿಯಲ್ಲಿ ಮುಳುಗಿದ್ದಾನೆ ಎಂದು ಖಾತ್ರಿ ಮಾಡಿಕೊಂಡು ಅತ್ತೆ ಅವನ ತೊಡೆಗೆ ಗುಂಡುಸೂಜಿ ಚುಚ್ಚಿದರು.

ಅಳಿಯ ಕಮಕ್ ಕಿಮಕ್ ಎನ್ನಲಿಲ್ಲ. ಎದ್ದು ನೀರು ಕುಡಿದು ಬಂದು ಸೋಫಾದ ಇನ್ನೊಂದು ತುದಿಯಲ್ಲಿ ಕುಳಿತ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಕಣ್ಣಲ್ಲೇ ಕೇಳಿದಳು. ಅತ್ತೆ ಇಲ್ಲವೆಂದು ತಲೆಯಾಡಿಸಿ, ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪಿಗೆ ಸೂಜಿಯನ್ನು ಸಿಕ್ಕಿಸಿಕೊಂಡರು. ಬಟ್ಟೆ ಹೊಲಿದು ಬದುಕಿದ ಹೆಂಗಸು, ಸೂಜಿಗೇನೂ ಬರವಿರಲಿಲ್ಲ.

ತಪ್ಪು ತಿಳಿಯಬೇಡಿ. ಅತ್ತೆಗೆ ಅಳಿಯನೆಂದರೆ ಪ್ರಾಣ. ಪ್ರತಿ ಸಲ ಚುಚ್ಚಿದ ಮೇಲೂ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬರುತ್ತಿದ್ದರು. ಆದರೆ ಈ ಅಳಿಯನಿಗೆ ಹುಟ್ಟಿನಿಂದಲೇ ನೋವೆಂಬುದು ಗೊತ್ತಿರಲಿಲ್ಲ. ಲಕ್ಷಾಂತರ ಜನರಲ್ಲಿ ಒಬ್ಬರಿಗೆ ಬರುವ ರೋಗ. ಜೀನ್‌ನಲ್ಲಿ ಒಂದೇ ಒಂದು ಅಕ್ಷರ ತಪ್ಪಿತ್ತು. ಬೇಕರಿಯಲ್ಲಿ ಅವನು ಕಾದ ಟ್ರೇಗಳನ್ನು ಬರಿಗೈಯಲ್ಲೇ ಹೊರಗೆ ಎಳೆಯುತ್ತಿದ್ದ. ಜೊತೆಯವರು ಅವನಿಗೆ ‘ಇಕ್ಕಳ’ ಎಂದು ಹೆಸರಿಟ್ಟು ನಗುತ್ತಿದ್ದರು.

ಪುಟ್ಟ ಮಗಳಿಗೂ ಅದೇ ರೋಗ ಬಂದಿದೆ ಎಂದು ತಿಳಿದ ಮೇಲೆ ಮನೆಯಲ್ಲಿ ಯಾರಿಗೂ ಆ ಹೆಸರು ನಗು ತರಿಸಲಿಲ್ಲ. ಒಂದು ದಿನ ಮಗು ಬಿಸಿ ಇಸ್ತ್ರಿಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕಿಲಕಿಲ ನಗುತ್ತಿತ್ತು. ಕಿರುಚಿದವರು ಮನೆಯವರು.

ಈಗ ಆ ತಪ್ಪು ಅಕ್ಷರವನ್ನೇ ತಿದ್ದುವ ಚಿಕಿತ್ಸೆ ಬಂದಿತ್ತು. ಇನ್ನೂ ಪ್ರಯೋಗದ ಹಂತ. ಮೊದಲು ಅಪ್ಪನಿಗೆ, ಅವನಲ್ಲಿ ಫಲಿಸಿದರೆ ಮಾತ್ರ ಮಗುವಿಗೆ ಎಂದು ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದರು. "ನೋವು ಬಂತಾ, ಬಂತಾ ಅಂತ ಅವರನ್ನ ಕೇಳ್ತಾ ಇರಬೇಡಿ. ಮಗಳ ಮೇಲಿನ ಆಸೆಗೆ ಸುಮ್ಮನೆ ಹೂಂ ಅಂದುಬಿಡ್ತಾರೆ."

ಕೇಳಬೇಡಿ ಎಂದರೇ ಹೊರತು ಚುಚ್ಚಬೇಡಿ ಎನ್ನಲಿಲ್ಲವಲ್ಲ!

ಆ ಚಿಕಿತ್ಸೆಯ ಇಂಜೆಕ್ಷನ್ನಿಗೆ ಮುಂಚೆ ಅವನು ಹೆಂಡತಿಯನ್ನು ಕೇಳಿದ್ದ. "ನೋವು ಅಂದ್ರೆ ಹೇಗಿರುತ್ತೆ?"

ಅವಳು ತಡವರಿಸಿದ್ದಳು. "ಬಂದಾಗ ಗೊತ್ತಾಗುತ್ತೆ ಬಿಡ್ರೀ. ಅದನ್ನೂ ಯಾರಾದ್ರೂ ಹೇಳ್ಕೊಡ್ತಾರಾ?"

ಇಂಜೆಕ್ಷನ್ ಆಗಿ ವಾರಗಳು ಉರುಳಿದವು. ಹೆಂಡತಿ ದಾರಿ ಬಿಡುವ ನೆಪದಲ್ಲಿ ಅವನ ಕಾಲು ತುಳಿದಳು. ಅತ್ತೆ "ಅಯ್ಯೋ, ಜಾರ್ತು!" ಎಂದು ಹೊಲಿಗೆಯ ದೊಡ್ಡ ಕತ್ತರಿಯನ್ನು ಅವನ ಪಾದದ ಮೇಲೆ ಬೀಳಿಸಿದರು. "ಪರವಾಗಿಲ್ಲ ಅತ್ತೆ" ಎಂದವನು ಮರುದಿನದಿಂದ ಮನೆಯೊಳಗೂ ಬೂಟು ಹಾಕಿಕೊಂಡು ಓಡಾಡಿದ. ಬೇಕರಿಯಲ್ಲಿ ದಪ್ಪ ಬಟ್ಟೆ ಹಿಡಿದು ಟ್ರೇ ಎಳೆಯತೊಡಗಿದ. ಕೇಳಿದರೆ, "ಮಗು ನನ್ನ ನೋಡಿ ಕಲೀಬೇಕಲ್ವಾ?" ಎಂದ. ಅವನು ಆಸೆ ಬಿಟ್ಟಿದ್ದಾನೆ ಎಂದುಕೊಂಡು ಹೆಂಡತಿ ಸೊರಗಿದಳು.

"ಈಚೆಗೆ ನಾನು ಪಕ್ಕ ಕೂತ್ರೆ ಎದ್ದೇ ಹೋಗ್ತಾರೆ ಕಣೇ" ಎಂದು ಅತ್ತೆ ಮೂಗೆಳೆದರು. "ಅಳಿಯಂದ್ರಿಗೆ ನನ್ನ ಮೇಲೆ ಏನೋ ಮುನಿಸು."

ಕೊನೆಯ ತಪಾಸಣೆಯ ದಿನ ನಾಲ್ವರೂ ಡಾಕ್ಟರಮ್ಮನ ಕೋಣೆಯಲ್ಲಿದ್ದರು. ಡಾಕ್ಟರಮ್ಮ ಅವನ ಕಣ್ಣು ಮುಚ್ಚಿಸಿ ಅಂಗಾಲಿಗೆ ಸೂಜಿ ತಾಗಿಸಿದರು.

"ನೋವಾಯ್ತಾ?"

"ಇಲ್ಲ ಡಾಕ್ಟ್ರೇ." ತಟ್ಟನೆ ಬಂತು ಉತ್ತರ.

ಇನ್ನೂ ಸ್ವಲ್ಪ ಒತ್ತಿದರು. "ಈಗ?"

"ಏನೂ ಇಲ್ಲ. ಬೇಕಾದ್ರೆ ಇನ್ನೊಂದು ಇಂಜೆಕ್ಷನ್ ಹಾಕಿ ನೋಡಿ."

ಡಾಕ್ಟರಮ್ಮ ಸೂಜಿಯನ್ನು ಕೆಳಗಿಟ್ಟರು. "ಇನ್ನು ಹಾಕಿ ಪ್ರಯೋಜನವಿಲ್ಲ. ಇದು ಫಲಿಸಿಲ್ಲ. ಮಗುವಿಗೆ ಕೊಡೋಕೆ ನನ್ನಿಂದ ಆಗಲ್ಲ, ಕ್ಷಮಿಸಿ."

ಹೆಂಡತಿ ಮಗುವನ್ನು ಎದೆಗವಚಿಕೊಂಡು ಬಿಕ್ಕಿದಳು. ಅತ್ತೆ ಗೋಡೆಯ ಕಡೆ ತಿರುಗಿದರು. ಅವನು ಹೆಂಡತಿಯ ಬೆನ್ನು ಸವರಿ, ಬೂಟಿನೊಳಗೆ ಮೆಲ್ಲನೆ ಕಾಲು ತೂರಿಸುತ್ತ ಸಮಾಧಾನ ಹೇಳಿದ.

"ಅಳಬೇಡ ಕಣೇ, ಮಗುಗೆ ಸಿಗದಿದ್ದೇ ಒಳ್ಳೇದಾಯ್ತು. ಡಾಕ್ಟ್ರೇ, ಹೇಳಿದ್ರೆ ಎಲ್ಲಿ ನಿಲ್ಲಿಸಿಬಿಡ್ತೀರೋ ಅಂತ ಇಷ್ಟು ದಿನ ಮುಚ್ಚಿಟ್ಟಿದ್ದೆ. ನೋವಂತೂ ಬರಲಿಲ್ಲ, ಆದ್ರೆ ಈ ಔಷಧಿಗೆ ಬೇರೆ ಏನೋ ಕೆಟ್ಟ ಅಡ್ಡಪರಿಣಾಮ ಇದೆ. ಬಿಸಿ ಟ್ರೇ ಮುಟ್ಟಿದ್ರೆ ಕೈ ತಾನಾಗೇ ಹಿಂದಕ್ಕೆ ಬರುತ್ತೆ, ಅತ್ತೆ ಪಕ್ಕ ಕೂತ್ರೆ ಸಾಕು, ತೊಡೆ ಚುಳ್ ಅನ್ನುತ್ತೆ!"