ಶಾಸಕರ ಗಡ್ಡ

ಆ ಬೆಳಿಗ್ಗೆ ರಾಜ್ಯದ ಮುಂದಿದ್ದ ಅತಿ ಗಂಭೀರ ಸಮಸ್ಯೆಯೆಂದರೆ ಶಾಸಕ ಆಬ್ನರನ ಗಡ್ಡ.

ಅಮೆರಿಕದ ದಕ್ಷಿಣ ಸೀಮೆಯಲ್ಲಿ ಗುಲಾಮಗಿರಿ ತೊಲಗಿ, ಕಪ್ಪು ಜನಕ್ಕೆ ಮತದ ಹಕ್ಕು ಬಂದು, ಆ ಮತಗಳಿಂದಲೇ ಅವನು ಗೆದ್ದಿದ್ದ. ಶಾಸನಸಭೆಯಲ್ಲಿ ಬಿಳಿಯರು ಅವನ ಪಕ್ಕ ಕೂರುತ್ತಿರಲಿಲ್ಲ. ಕೇರಿಯಲ್ಲಿ ಹಳೆಯ ಗೆಳೆಯರು ಗೌರವಕ್ಕೆಂದು ಎದ್ದು ನಿಂತುಬಿಡುತ್ತಿದ್ದರು. ಹೀಗಾಗಿ ಅವನು ಕೂತು ಮಾತಾಡುತ್ತಿದ್ದುದು ಕನ್ನಡಿಯ ಜೊತೆ ಮಾತ್ರ, ಗಡ್ಡ ಹೆರೆದುಕೊಳ್ಳುವಾಗ.

ಅಂದು ಮಧ್ಯಾಹ್ನ ಅವನು ಸಭೆಯಲ್ಲಿ ಒಂದು ಮಸೂದೆಯ ಪರವಾಗಿ ಮಾತಾಡಬೇಕಿತ್ತು: ಯಾವ ಅಂಗಡಿಯೂ ಬಣ್ಣ ನೋಡಿ ಯಾರನ್ನೂ ಹೊರಗಟ್ಟಬಾರದು. ಅಂಥ ದಿನ ಕೆನ್ನೆ ಕೊಯ್ದುಕೊಳ್ಳುವುದು ಬೇಡವೆಂದು ತಾನೇ ಕತ್ತಿ ಹಿಡಿಯಲಿಲ್ಲ. ಪೇಟೆಬೀದಿಯ ಕ್ಷೌರದಂಗಡಿಗೆ ಹೋದ. ಅಲ್ಲಿ ಕೆಲಸ ಮಾಡುವ ಸೈಲಸನೂ ಕಪ್ಪು ಮನುಷ್ಯನೇ. ಗಿರಾಕಿಗಳು ಮಾತ್ರ ಬಿಳಿಯರು.

“ಕುರ್ಚಿ ಖಾಲಿ ಇದೆಯಲ್ಲೋ ಸೈಲಸ್, ಕೂರಲಾ?”

“ಅಯ್ಯೋ ಅಣ್ಣಾ, ನಿಮ್ಮನ್ನ ಇಲ್ಲಿ ಕೂರಿಸಿದ್ದು ಗೊತ್ತಾದ್ರೆ ನಾಳೆಯಿಂದ ಒಬ್ಬ ದೊರೆಯೂ ಒಳಗೆ ಕಾಲಿಡಲ್ಲ. ಹಿತ್ತಲಿಗೆ ಬನ್ನಿ, ನುಣ್ಣಗೆ ಮಾಡಿ ಕಳಿಸ್ತೀನಿ.”

“ಹಿತ್ತಲಲ್ಲಿ ಕ್ಷೌರ ಮಾಡಿಸ್ಕೊಂಡು ಸಭೇಲಿ ಸಮಾನತೆ ಬಗ್ಗೆ ಮಾತಾಡ್ಲಾ? ಬೀದಿಗೆ ಕಾಣೋ ಹಾಗೆ ಇಲ್ಲೇ ಮಾಡೋ, ಹೇಡಿ!”

ಸೈಲಸ್ ಕುರ್ಚಿಯನ್ನು ಬೀದಿಯ ಕಡೆಗೆ ತಿರುಗಿಸಿ, ಬಟ್ಟೆ ಕೊಡವಿ ನಿಂತ.

“ಆಯ್ತು, ಕೂತ್ಕೊಳ್ಳಿ. ಗಿರಾಕಿ ಹೋದ್ರೆ ನನಗೇನು, ಇನ್ನೊಂದು ಕಡೆ ಕೆಲಸ ಸಿಗುತ್ತೆ. ಅಂಗಡಿ ನಿಮ್ದು. ನಮ್ಮೋರನ್ನ ಕೂರಿಸಬೇಡ ಅಂತ ಕಟ್ಟಳೆ ಮಾಡಿದೋರೂ ನೀವೇ.”

ಆಬ್ನರ್ ಕುರ್ಚಿಯನ್ನು ನೋಡಿದ. ಬೀದಿಯನ್ನೂ ನೋಡಿದ.

ಕ್ಷೌರ ಹಿತ್ತಲಲ್ಲಿ ಆಯಿತು.