ಮೂರನೆಯ ಅಂಕದ ಮಾತು

ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಫೋಲ್ಕರ್ಟನ ಧ್ವನಿ ನಿಂತುಹೋಯಿತು.

"ಓದಪ್ಪಾ! ದೇಶಕ್ಕೇ ದೊಡ್ಡ ಕವಿಯಂತೆ, ನಾಲ್ಕು ಸಾಲು ಓದೋಕೆ ಇಷ್ಟು ಹೊತ್ತಾ?" ಎಂದು ಮಗಳು ಅಲೈಡಾ ಛೇಡಿಸಿದಳು.

ಡಿಸೆಂಬರ್ ಐದರ ಸಂಜೆ ಎಂಕ್‌ಹೌಜನ್ ಊರಿನ ಮನೆಮನೆಯಲ್ಲೂ ಇದೇ ಆಟ. ಉಡುಗೊರೆಯ ಜೊತೆ ಸಂತ ನಿಕೋಲಾಸನ ಹೆಸರಿನಲ್ಲಿ ಒಂದು ಪದ್ಯ ಬರುತ್ತದೆ. ಮನೆಯವರಲ್ಲೇ ಯಾರೋ ಬರೆದದ್ದು. ಯಾರು ಎಂದು ಕೇಳುವಂತಿಲ್ಲ. ಪದ್ಯ ಯಾರಿಗೆ ಬಂತೋ ಅವರು ತಮ್ಮ ಮಾನ ತಾವೇ ಹರಾಜು ಹಾಕಿಕೊಂಡು ಗಟ್ಟಿಯಾಗಿ ಓದಿ, ಆಮೇಲೆ ಪೊಟ್ಟಣ ಬಿಚ್ಚಬೇಕು.

ಫೋಲ್ಕರ್ಟ್ ಕೆಮ್ಮಿ ಮೊದಲಿನಿಂದ ಓದಿದ.

"ಹಿಲ್ಲೆಯ ಸೊತ್ತನು ಕೇಳದೆ ಎತ್ತಿ
ನಿನ್ನದೆ ಎಂದು ಮೆರೆದೆಯೊ ಸುತ್ತಿ!
ಸುಮ್ಮನೆ ಇದ್ದಳು ಸಾಧುವು ಮಡದಿ,
ಹಿಂದಕೆ ಕೊಡಲು ಬಂದಿದೆ ಸರದಿ."

ಟ್ಯೂನಿಸ್ ತೊಡೆ ತಟ್ಟಿಕೊಂಡು ನಕ್ಕ. ಪಕ್ಕದ ಮನೆಯವನು, ಹಾವುಮೀನಿಗೆ ಹೊಗೆ ಹಾಕಿ ಮಾರುವವನು. ಹೆಂಡತಿ ಮಕ್ಕಳಿಲ್ಲದ ಅವನ ಹಬ್ಬಗಳೆಲ್ಲ ಈ ಮೇಜಿನ ಮುಂದೆಯೇ. ಈ ಪದ್ಯ ಅವನದಂತೂ ಅಲ್ಲ. ಎರಡು ಸಾಲಿಗೆ ಪ್ರಾಸ ಕೂಡಿಸಲೂ ಅವನಿಗೆ ಬಾರದೆಂದು ಊರಿಗೆಲ್ಲ ಗೊತ್ತಿತ್ತು. ಮಗಳಿಗೆ ಆ ಹಳೆಯ ಸಂಗತಿ ಗೊತ್ತಿಲ್ಲ. ಹಾಗಾದರೆ ಹಿಲ್ಲೆಯೇ ಬರೆದದ್ದು. ಅವಳು ತಲೆ ಬಗ್ಗಿಸಿ ಬಟ್ಟಲುಗಳಿಗೆ ಬಿಸಿ ಚಾಕೊಲೇಟ್ ಸುರಿಯುತ್ತಿದ್ದಳು. ಕೊನೆಗೂ ಹೆಂಡತಿ ಬಾಯಿ ಬಿಟ್ಟಳು ಎಂದುಕೊಂಡ ಫೋಲ್ಕರ್ಟ್.

ಮೂವತ್ತೊಂದು ವರ್ಷದ ಹಿಂದಿನ ಮಾತು. ಫೋಲ್ಕರ್ಟ್ ಬರೆಯುತ್ತಿದ್ದ ಮೊದಲ ನಾಟಕ ಮೂರನೆಯ ಅಂಕದಲ್ಲಿ ಹೂತುಕೊಂಡಿತ್ತು. ಹಡಗು ಹತ್ತುವ ಮುನ್ನ ನಾಯಕ ತನಗೆ ದಕ್ಕದ ಹೆಣ್ಣಿನ ಹತ್ತಿರ ಏನಾದರೂ ಹೇಳಬೇಕು. ಏನು ಹೇಳಬೇಕು? ನಾಲ್ಕು ತಿಂಗಳು ತಲೆ ಕೆರೆದುಕೊಂಡರೂ ಒಂದು ಸಾಲು ಹುಟ್ಟಲಿಲ್ಲ. ಒಂದು ದಿನ ಕರವಸ್ತ್ರಕ್ಕೆಂದು ಬೀರು ತಡಕಿದಾಗ ಹಾಸಿಗೆವಸ್ತ್ರಗಳ ಅಡಿಯಲ್ಲಿ ಒಂದು ನೋಟುಪುಸ್ತಕ ಸಿಕ್ಕಿತು. ಹಿಲ್ಲೆಯ ದುಂಡು ಅಕ್ಷರದಲ್ಲಿ ಒಂಬತ್ತು ಪುಟ. ಗಂಡಸೊಬ್ಬ ಪ್ರೀತಿಸಿದವಳಿಂದ ಬೀಳ್ಕೊಳ್ಳುವ ಮಾತು. ಅಲಂಕಾರವಿಲ್ಲ, ಪ್ರಾಸವಿಲ್ಲ, ಎದೆ ಹಿಂಡುವಂಥ ಬರವಣಿಗೆ. ತನ್ನ ಮಗ್ಗುಲಲ್ಲೇ ಮಲಗುವವಳು ಗುಟ್ಟಾಗಿ ಬರೆಯುತ್ತಿದ್ದಾಳೆ! ಮೊದಲು ಹೆಮ್ಮೆಯಾಯಿತು. ಆಮೇಲೆ ಹೊಟ್ಟೆಕಿಚ್ಚು. ಸಂಜೆಯೊಳಗೆ ಒಂದಕ್ಷರ ಬಿಡದೆ ಇಳಿಸಿಕೊಂಡು ಪುಸ್ತಕವನ್ನು ಇದ್ದಲ್ಲೇ ಇಟ್ಟ.

ನಾಟಕ ಗೆದ್ದಿತು. ಪದ್ಯಗಳ ನಡುವೆ ಬರುವ ಆ ಸರಳ ಗದ್ಯವನ್ನು ವಿಮರ್ಶಕರು ಹಾಡಿ ಹೊಗಳಿದರು. ಶಾಲೆಯ ಪಠ್ಯಕ್ಕೂ ಅದು ಸೇರಿತು. ಆಮೇಲೆ ಬರೆದ ಇಪ್ಪತ್ತೆರಡು ನಾಟಕಗಳನ್ನು ಕೇಳುವವರಿಲ್ಲ. ಎಲ್ಲಿ ಹೋದರೂ ಆ ಒಂದೇ ಮಾತು.

ಹಿಲ್ಲೆ ಮಾತ್ರ ಆ ನಾಟಕ ನೋಡಲಿಲ್ಲ. ಮೊದಲ ಪ್ರದರ್ಶನಕ್ಕೆ ಮುನ್ನ ಓದಿ ಹೇಳಿದಾಗಲೇ ಬಿಳಿಚಿಕೊಂಡು, ತಲೆನೋವೆಂದು ಒಳಗೆ ಹೋಗಿದ್ದಳು. ಮರುದಿನ ಬೀರುವಿನಲ್ಲಿ ಪುಸ್ತಕ ಇರಲಿಲ್ಲ. ಅವಳು ಮತ್ತೆ ಒಂದು ಸಾಲನ್ನೂ ಬರೆದಂತೆ ಕಾಣಲಿಲ್ಲ. ಅವಳೊಳಗಿನ ಲೇಖಕಿಯನ್ನು ತಾನೇ ಕೊಂದೆನೆಂಬ ಪಾಪ ಫೋಲ್ಕರ್ಟನನ್ನು ಅಂದಿನಿಂದ ತಿನ್ನುತ್ತಿತ್ತು.

ಪ್ರತಿ ವರ್ಷವೂ ನಾಟಕಕ್ಕೆ ಜೊತೆಯಾಗುತ್ತಿದ್ದವನು ಟ್ಯೂನಿಸ್. ಫೋಲ್ಕರ್ಟ್ ಒತ್ತಾಯ ಮಾಡಿ ಮುಂದಿನ ಸಾಲಿನಲ್ಲಿ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದ. ಮೂರನೆಯ ಅಂಕ ಬಂದರೆ ಸಾಕು, ಆ ಒರಟು ಆಳು ಮುಖ ಮುಚ್ಚಿಕೊಂಡು ಅಳುತ್ತಿದ್ದ. ಮೀನು ಮಾರುವವನನ್ನೂ ಅಳಿಸಿದ ಹಿರಿಮೆ ತನ್ನದಲ್ಲವಲ್ಲ ಎಂದು ಫೋಲ್ಕರ್ಟನಿಗೆ ಆಗ ಇನ್ನಷ್ಟು ನಾಚಿಕೆಯಾಗುತ್ತಿತ್ತು.

ಬರುವ ವಾರ ಫೋಲ್ಕರ್ಟನಿಗೆ ಎಪ್ಪತ್ತು. ಊರಿನ ರಂಗಮಂದಿರದಲ್ಲಿ ಅದೇ ನಾಟಕ, ಮೇಯರ್ ಕೈಯಿಂದ ಸನ್ಮಾನ. ಈಗ ಹೇಳದಿದ್ದರೆ ಕಳ್ಳನಾಗಿಯೇ ಸಾಯಬೇಕು.

ಅವನು ಎದ್ದು ನಿಂತ.

"ಹೌದು ಹಿಲ್ಲೆ, ಕದ್ದೆ. ಮೂರನೇ ಅಂಕದ ಮಾತು ನನ್ನದಲ್ಲ. ನಿನ್ನ ನೋಟುಪುಸ್ತಕದಿಂದ ಎತ್ತಿದ್ದು, ಒಂದಕ್ಷರಾನೂ ಬಿಡದೆ."

ಹಿಲ್ಲೆಯ ಕೈಯಲ್ಲಿದ್ದ ಹೂಜಿ ಮೇಜಿಗೆ ಬಡಿದು ಚಾಕೊಲೇಟ್ ಚೆಲ್ಲಿತು.

ಅಲೈಡಾ ಗಾಬರಿಯಿಂದ ಪೊಟ್ಟಣವನ್ನು ತಾನೇ ಹರಿದಳು. ಒಳಗೆ ಕನ್ನಡಕಕ್ಕೆ ಕಟ್ಟುವ ದಾರ. "ಏನಪ್ಪಾ ಇದು? ನೀನು ದಿನಾ ಅಮ್ಮನ ಕನ್ನಡಕ ಎತ್ಕೊಂಡು ಹೋಗ್ತೀಯಲ್ಲ, ಅದಕ್ಕೆ ನಾನೇ ತಮಾಷೆಗೆ ಬರೆದದ್ದು..."

ಫೋಲ್ಕರ್ಟ್ ಅರೆಗಳಿಗೆ ತಬ್ಬಿಬ್ಬಾದ. ಆದರೆ ಎದೆಯ ಮೇಲಿನ ಕಲ್ಲು ಇಳಿದಿತ್ತು; ಅದನ್ನು ಮತ್ತೆ ಹೊರುವ ಮನಸ್ಸು ಅವನಿಗಿರಲಿಲ್ಲ.

"ಇರಲಿ ಬಿಡು ಮಗಳೇ, ನಾನು ಹೇಳಿದ್ದು ಸತ್ಯಾನೇ. ಹಿಲ್ಲೆ, ನಾಳೆನೇ ಮೇಯರ್ ಹತ್ರ ಹೋಗ್ತೀನಿ. ಪೋಸ್ಟರ್ ಮೇಲೆ ನಿನ್ನ ಹೆಸರು ಹಾಕಿಸ್ತೀನಿ. ನನ್ನನ್ನ ಕ್ಷಮಿಸಿಬಿಡೇ."

"ಬೇಡ." ಹಿಲ್ಲೆ ಚೆಲ್ಲಿದ್ದನ್ನು ಒರೆಸುತ್ತಲೇ ಇದ್ದಳು. "ನನ್ನ ಹೆಸರು ಬೇಡ ಫೋಲ್ಕರ್ಟ್. ಅದನ್ನ ನಾನು ಬರೆದಿಲ್ಲ. ನನಗೆ ಬಂದಿದ್ದ ಕಾಗದಗಳನ್ನ ಒಲೆಗೆ ಹಾಕೋ ಮುಂಚೆ ನಕಲು ಮಾಡಿ ಇಟ್ಕೊಂಡಿದ್ದೆ, ಅಷ್ಟೇ."

"ಕಾಗದವಾ? ಯಾರು ಬರೆದದ್ದು?"

 ಟ್ಯೂನಿಸ್ ಬಟ್ಟಲು ಕೆಳಗಿಟ್ಟು ನಿಧಾನವಾಗಿ ತಲೆ ಎತ್ತಿದ.

"ನಿನಗೆ ಗೊತ್ತೇ ಇರ್ಲಿಲ್ವೇನೋ? ಇಷ್ಟು ವರ್ಷ ಪಕ್ಕದಲ್ಲೇ ಕೂರಿಸ್ಕೊಂಡು ನನ್ನ ಮಾತನ್ನ ನನಗೇ ಕೇಳಿಸ್ತಿದ್ದೆಯಲ್ಲ, ನಾನು ಅದನ್ನ ಶಿಕ್ಷೆ ಅಂದ್ಕೊಂಡಿದ್ದೆ ಮಾರಾಯಾ."