ಸೊನೆ ಹತ್ತಿದ ಬೆರಳು

ಮಾವಿನಕಾಯಿಯ ತೊಟ್ಟು ಮುರಿದಾಗ ಸೊನೆಯ ವಾಸನೆ ಮೂಗಿಗೆ ಬಡಿದರೆ, ಈಗಲೂ ನನ್ನ ಎಡಗೈ ತೋರುಬೆರಳು ತಾನಾಗಿ ಮಡಚಿಕೊಳ್ಳುತ್ತದೆ.

ಗೌನಿಪಲ್ಲಿ ಹತ್ತಿರದ ನಮ್ಮೂರಲ್ಲಿ ಅಂದು ಪಂಚಾಯಿತಿ ಎಲೆಕ್ಷನ್. ಹಿಂದಿನ ಸಲ ಮತದಾರರ ಪಟ್ಟಿಯಲ್ಲಿ ಅಜ್ಜಿಯ ಹೆಸರೇ ಇರಲಿಲ್ಲ. ಅರ್ಜಿ ಹಿಡಿದು ಶ್ರೀನಿವಾಸಪುರದ ತಾಲ್ಲೂಕು ಕಚೇರಿಗೆ ಮೂರು ಸಲ ಅಲೆದು ಸೇರಿಸಿಕೊಂಡಿದ್ದಳು. ಬೆಳಗ್ಗೆಯೆಲ್ಲ ತೋಪಿನಲ್ಲಿ ಕಾಯಿಗಳ ತೊಟ್ಟು ಮುರಿದು, ಮಧ್ಯಾಹ್ನ ಒಗೆದ ಸೀರೆಯುಟ್ಟು, ನನ್ನನ್ನೂ ಶಾಲೆಯ ಮತಗಟ್ಟೆಗೆ ಕರೆದೊಯ್ದಳು.

ಶಾಯಿ ಹಚ್ಚುವ ಅಧಿಕಾರಿ ಅವಳ ಎಡಗೈ ತೋರುಬೆರಳು ನೋಡಿ ಕೈ ಹಿಂದೆಗೆದುಕೊಂಡರು. "ಆಗಲೇ ಗುರುತಿದೆಯಲ್ಲಮ್ಮ. ಎಲ್ಲೋ ಓಟು ಹಾಕಿ ಬಂದಿದ್ದೀರಿ."

"ಅದು ಸೊನೆ ಸ್ವಾಮಿ. ಚರ್ಮ ಸುಟ್ಟು ಕಪ್ಪಾಗೈತೆ. ಕಾಯಿ ಕಾಲದಾಗೆ ನಮ್ ಕೈಯೆಲ್ಲ ಹಿಂಗೇನೆ."

"ತೊಳ್ಕೊಂಡು ಬನ್ನಿ. ಹೋದ್ರೆ ನೋಡೋಣ."

ಹೊರಗಿನ ನಲ್ಲಿಯಲ್ಲಿ ಎಷ್ಟು ತೊಳೆದರೂ ಅದು ಹೋಗಲಿಲ್ಲ. ಅಜ್ಜಿ ಪಕ್ಕದ ಕಲ್ಲಿನ ಮೇಲೆ ಬೆರಳನ್ನು ಉಜ್ಜತೊಡಗಿದಳು, ಪಾತ್ರೆಯ ಮಸಿ ತಿಕ್ಕುವ ಹಾಗೆ, ನಿಧಾನವಾಗಿ. ಕಪ್ಪು ಹೋಗಿ ಬಿಳಿ ಬಂತು. ಬಿಳಿ ಹೋಗಿ ಕೆಂಪು ಬಂತು. ಆಗಲೂ ಅವಳು ನಿಲ್ಲಿಸಲಿಲ್ಲ.

ಒಳಗೆ ಹೋಗಿ ಬೆರಳು ಚಾಚಿದಳು. "ಈಗ ಹಾಕಿ ಸ್ವಾಮಿ."

ಅಧಿಕಾರಿ ಶಾಯಿಯ ಕಡ್ಡಿಯನ್ನು ಅವಳ ಪಕ್ಕದ ಬೆರಳಿನತ್ತ ಒಯ್ದರು. "ಬೇರೆ ಬೆರಳಿಗೆ ಹಾಕ್ತೀನಮ್ಮ."

"ಬ್ಯಾಡ. ನೀವು ತೊಳ್ಕೊಂಡು ಬಾ ಅಂದಿದ್ದು ಇದನ್ನೇ ಅಲ್ವಾ?"

ಶಾಯಿ ರಕ್ತದಲ್ಲಿ ಹರಡಿತು. ಅಜ್ಜಿ ಮತಪತ್ರ ತೆಗೆದುಕೊಂಡಳು. ಅದಕ್ಕೆ ಕಲೆ ಹತ್ತಿದರೆ ಓಟು ಕೆಡುತ್ತದೆಂದು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈ ಒಂದರಲ್ಲೇ ಮುದ್ರೆ ಒತ್ತಿ, ಮಡಚಿ, ಪೆಟ್ಟಿಗೆಗೆ ಹಾಕಿದಳು.